ಬಿಳಿ ಲ್ಯಾಪ್‌ಟಾಪ್, ಬಾಗಲಕೋಟೆಯ ಎರಡು ಬೇಸಿಗೆ: ಮಷೀನ್ ಗಟ್ಟಿ, ಬಣ್ಣ ಮಾತ್ರ ಕೇಳಬೇಡಿ

ಸ್ಪೀಡ್, ಗೇಮಿಂಗ್, ಕ್ಯಾಮೆರಾ ಬಗ್ಗೆ ತಿಳಿಯಬೇಕು ಅಂತ ಬಂದವರಿಗೆ ಇಲ್ಲಿ ಜಾಸ್ತಿ ಏನೂ ಸಿಗುವುದಿಲ್ಲ. ಅಂಥ ವಿಮರ್ಶೆಗಳು ಡಬ್ಬಿ ಒಡೆದ ವಾರದಲ್ಲೇ ಬಂದುಬಿಡುತ್ತವೆ. ಎರಡು ಬೇಸಿಗೆ ಕಳೆದ ಮೇಲೆ ಮೇಲಿನ ಪ್ಲಾಸ್ಟಿಕ್ ಏನಾಗಿದೆ ಅನ್ನುವುದನ್ನು ಯಾರೂ ಬರೆಯುವುದಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಹದಿನಾಲ್ಕು ಇಂಚಿನ ಬಿಳಿ ಲ್ಯಾಪ್‌ಟಾಪ್, ಐ5 ಪ್ರೊಸೆಸರ್, 16 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ. ಕಂಪನಿ ಹೆಸರು ಹಾಕುವುದಿಲ್ಲ, ಅವರ ಜೊತೆ ನನ್ನ ಮೇಲ್ ವ್ಯವಹಾರ ಇನ್ನೂ ಮುಗಿದಿಲ್ಲ. ನವನಗರದ ಮನೆಯಲ್ಲೇ ಕೂತು ಇಳಕಲ್ಲಿನ ಸೀರೆ ಅಂಗಡಿಗಳ, ಗುಳೇದಗುಡ್ಡದ ಖಣ ವ್ಯಾಪಾರಿಗಳ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ದಿನಪೂರ್ತಿ ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಪೋರ್ಟಲ್ ತೆರೆದೇ ಇರುತ್ತವೆ. ಇಷ್ಟಕ್ಕೆ ಈ ಮಷೀನ್ ಸಾಕು, ಸಾಕಾಗಿ ಉಳಿಯುತ್ತದೆ. ತಿಂಗಳ 20ನೇ ತಾರೀಖು ರಿಟರ್ನ್ ಹಾಕುವ ಗಡಿಬಿಡಿಯಲ್ಲಿ ಪೋರ್ಟಲ್ ಎಷ್ಟೋ ಸಲ ನಿಂತಿದೆ, ಇದು ನಿಂತಿಲ್ಲ. ಕೀಬೋರ್ಡ್ ಮೆತ್ತಗಿದೆ, ಸ್ಕ್ರೀನ್ ಪರವಾಗಿಲ್ಲ. ಬ್ಯಾಟರಿ ಮೊದಲಿನಷ್ಟು ತಡೆಯುವುದಿಲ್ಲ, ಆದರೆ ಕರೆಂಟ್ ಹೋದರೆ ಬರುವ ತನಕ ಹೇಗೋ ಎಳೆಯುತ್ತದೆ. ಫ್ಯಾನ್ ಬೇಸಿಗೆಯಲ್ಲಿ ಗೊರ್ ಅನ್ನುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಅದು ಸುಮ್ಮನೆ ಕೂತರೇ ಭಯ ಆಗಬೇಕು.

ಇನ್ನು ಬಣ್ಣ.

ಮೊದಲ ಬೇಸಿಗೆ ಮುಗಿಯುವ ಹೊತ್ತಿಗೆ ಎಡಗೈ ಊರುವ ಜಾಗ ಕಂದು ಹಿಡಿಯಿತು. ಆಮೇಲೆ ಕೀಬೋರ್ಡಿನ ಮೇಲ್ಗಡೆ, ಬಿಸಿ ಗಾಳಿ ಹೊರಗೆ ಬರುವ ಸಂದಿಯ ಪಕ್ಕ, ಹಳೇ ಸ್ವಿಚ್ ಬೋರ್ಡಿನ ಹಾಗೆ ಒಂದು ಹಳದಿ ಪಟ್ಟಿ ಮೂಡಿತು. ಮುಚ್ಚಳದ ಮೇಲೂ ಕಿಟಕಿ ಕಡೆಯ ಅರ್ಧ ಒಂದು ಬಣ್ಣ, ಗೋಡೆ ಕಡೆಯ ಅರ್ಧ ಇನ್ನೊಂದು ಬಣ್ಣ. ಇವನ್ನೆಲ್ಲ ಒಟ್ಟಿಗೆ ಕಲೆ ಅಂತ ಕರೆದುಬಿಟ್ಟರೆ ಕಂಪನಿಯವರಿಗೆ ಬಹಳ ಅನುಕೂಲ. ಕಲೆ ಅಂದ ಕೂಡಲೇ ನಿಮ್ಮ ಕೈ ಹೊಲಸು ಅಂತ ಆಯಿತಲ್ಲ. ಆದರೆ ಇವು ಬೇರೆ ಬೇರೆ ಜಾತಿಯವು. ಯಾವುದು ಯಾವುದು ಅಂತ ಮೊದಲು ಬೇರೆ ಮಾಡಿಕೊಳ್ಳದೆ ಸರ್ವೀಸ್ ಸೆಂಟರಿಗೆ ಹೋದರೆ ಬರಿಗೈಲೇ ವಾಪಸ್ ಬರುತ್ತೀರಿ.

ಕೈ ಊರುವ ಜಾಗದ್ದು ಬೆವರು, ಚರ್ಮದ ಎಣ್ಣೆ, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಹೊರಗೆ ಹೋಗಿ ಬಂದ ದಿನದ ಸನ್‌ಸ್ಕ್ರೀನ್, ಎಲ್ಲ ಸೇರಿದ್ದು. ಪ್ಲಾಸ್ಟಿಕ್ ಮೇಲೆ ಕಣ್ಣಿಗೆ ಕಾಣದಷ್ಟು ತರಿ ಇರುತ್ತದೆ, ಜಿಡ್ಡು ಅದರಲ್ಲಿ ಕೂತು ಧೂಳು ಹಿಡಿಯುತ್ತದೆ. ಮೆತ್ತನೆ ಬಟ್ಟೆಗೆ ಐಸೊಪ್ರೊಪಿಲ್ ಆಲ್ಕೋಹಾಲ್ ಸ್ವಲ್ಪ ಹಾಕಿ, ಮಷೀನ್ ಆಫ್ ಮಾಡಿ, ಚಾರ್ಜರ್ ಕಿತ್ತು ನಿಧಾನಕ್ಕೆ ಒರೆಸಿದರೆ ಮುಕ್ಕಾಲು ಪಾಲು ಹೋಯಿತು. ಬಟ್ಟೆ ಕಂದಾಯಿತು, ಮಷೀನ್ ಬಿಳಿಯಾಯಿತು. ಹೀಗೆ ಬಟ್ಟೆಗೆ ಬಣ್ಣ ಬಂದರೆ ಅದು ಮೇಲಿನ ಕೊಳೆ. ಅದಕ್ಕೆ ನಾನು ಯಾರನ್ನೂ ಬೈಯುವುದಿಲ್ಲ. ಕೈಗೆ ಹಚ್ಚುವ ಸ್ಯಾನಿಟೈಸರ್‌ನಿಂದ ಮಾತ್ರ ಒರೆಸಬೇಡಿ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಅಂಟು ಉಳಿಯುತ್ತದೆ. ನೇಲ್ ಪಾಲಿಶ್ ತೆಗೆಯುವ ದ್ರವವಂತೂ ಹತ್ತಿರ ತರಲೇಬೇಡಿ. ಅದರೊಳಗಿನ ಅಸಿಟೋನ್ ಈ ಜಾತಿ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಟೂತ್‌ಪೇಸ್ಟ್ ಹಾಕಿ ತಿಕ್ಕಿ ಅನ್ನುವವರು ಇದ್ದಾರೆ. ತಿಕ್ಕಿದರೆ ಹೋಗುವುದು ಮೇಲಿನ ಪದರ, ಆಮೇಲೆ ಆ ಜಾಗ ಮೊದಲಿಗಿಂತ ಬೇಗ ಕೊಳೆ ಹಿಡಿಯುತ್ತದೆ.

ಸಂದಿ ಪಕ್ಕದ ಹಳದಿ ಪಟ್ಟಿಗೆ ಇದೇ ಆಲ್ಕೋಹಾಲ್ ಹಾಕಿ ಎಷ್ಟು ಒರೆಸಿದರೂ ಬಟ್ಟೆ ಬೆಳ್ಳಗೇ ಉಳಿಯಿತು. ಅಂದರೆ ಮೇಲೆ ಏನೂ ಕೂತಿಲ್ಲ, ಪ್ಲಾಸ್ಟಿಕ್ಕೇ ಬಣ್ಣ ತಿರುಗಿದೆ.

ಇದನ್ನು ಫೋನಿನಲ್ಲಿ ಹೇಳಿದರೆ ಹುಬ್ಬಳ್ಳಿ ಸರ್ವೀಸ್ ಸೆಂಟರಿನ ಹುಡುಗ ಏನಂದ ಗೊತ್ತಾ? "ಅಡಗಿ ಮಾಡಿದ ಕೈಲೆ ಮುಟ್ಟಿರ್ತೀರಿ ಮೇಡಮ್, ಅರಿಶಿಣ ಹತ್ತಿರತೈತಿ." ಲ್ಯಾಪ್‌ಟಾಪ್ ಒಬ್ಬ ಗಂಡಸಿನದ್ದಾಗಿದ್ದರೆ ಈ ಮಾತು ಬರುತ್ತಿತ್ತಾ ಅನ್ನುವುದು ಬೇರೆ ವಿಷಯ. ಆದರೆ ಅರಿಶಿಣ ಅಂತ ನಮಗೇ ಹೇಳಿದರೆ ಹೇಗೆ? ತೇರದಾಳ, ಮಹಾಲಿಂಗಪುರದ ಕಡೆ ಅದನ್ನು ಬೆಳೆಯುವವರೇ ನಾವು. ಅರಿಶಿಣದ ಕಲೆಗೆ ಸೋಪಿನ ನೀರು ಬಿದ್ದರೆ ಕೆಂಪಾಗುತ್ತದೆ, ಬಿಸಿಲಿಗಿಟ್ಟರೆ ಮಾಯವಾಗುತ್ತದೆ. ಸಾರಿನ ಪ್ಲಾಸ್ಟಿಕ್ ಡಬ್ಬಿ ಹಳದಿಯಾದರೆ ತೊಳೆದು ಮಾಳಿಗೆ ಮೇಲೆ ಬಿಸಿಲಿಗಿಡುತ್ತೇವೆ, ಅಲ್ವಾ? ಅರಿಶಿಣದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಬೆಳಕಿಗೆ ಒಡೆದುಹೋಗುತ್ತದೆ. ಲ್ಯಾಪ್‌ಟಾಪಿನ ಹಳದಿ ಇದಕ್ಕೆ ತದ್ವಿರುದ್ಧ. ಬೆಳಕು ಬಿದ್ದ ಕಡೆಯೇ ಜಾಸ್ತಿ. ಒದ್ದೆ ಬಟ್ಟೆಗೆ ಒಂಚೂರು ಸೋಪು ಹಚ್ಚಿ ಒರೆಸಿ ವಿಡಿಯೋ ಮಾಡಿ ಕಳಿಸಿದೆ. ಕೆಂಪು ಬರಲಿಲ್ಲ. ಅದಕ್ಕೆ ಉತ್ತರವೂ ಬರಲಿಲ್ಲ.

ಇದರ ಕಾರಣ ಅಷ್ಟೇನೂ ಗುಟ್ಟಲ್ಲ. ಮುಚ್ಚಳ, ಕೀಬೋರ್ಡ್ ಚೌಕಟ್ಟುಗಳಿಗೆ ಎಬಿಎಸ್ ಅನ್ನುವ ಪ್ಲಾಸ್ಟಿಕ್ ಅಥವಾ ಪಾಲಿಕಾರ್ಬನೇಟ್ (ಪಿಸಿ) ಜೊತೆ ಬೆರೆಸಿದ ಎಬಿಎಸ್ ಬಳಸುವುದು ಸಾಮಾನ್ಯ. ನನ್ನದರ ಒಳಮೈ ಮೇಲೂ ಪಿಸಿ ಪ್ಲಸ್ ಎಬಿಎಸ್ ಅಂತಲೇ ಅಚ್ಚೊತ್ತಿದೆ. ಎಬಿಎಸ್ ಅಂದರೆ ಅಕ್ರಿಲೋನೈಟ್ರೈಲ್, ಬ್ಯೂಟಡೈಯೀನ್, ಸ್ಟೈರೀನ್ ಮೂರೂ ಸೇರಿದ್ದು. ನಡುವಿನ ಬ್ಯೂಟಡೈಯೀನ್ ರಬ್ಬರಿನ ಪಾಲು. ಕೆಳಗೆ ಬಿದ್ದರೂ ಪ್ಲಾಸ್ಟಿಕ್ ಒಡೆಯದಿರಲಿ ಅಂತ ಅದನ್ನು ಸೇರಿಸುತ್ತಾರೆ. ಬಿಸಿಲಿನ ಅತಿನೇರಳೆ (ಯುವಿ) ಕಿರಣ, ಗಾಳಿಯ ಆಮ್ಲಜನಕ ಎರಡೂ ಮೊದಲು ಹಿಡಿಯುವುದು ಆ ರಬ್ಬರನ್ನೇ, ಅಲ್ಲಿಂದಲೇ ಹಳದಿ ಶುರುವಾಗುತ್ತದೆ. ಬಿಸಿ ಇದ್ದರೆ ಇನ್ನೂ ಬೇಗ. ಕಿಟಕಿಗೆ ಗಾಜಿದೆಯಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಸಾದಾ ಗಾಜು ಯುವಿ-ಬಿ ಕಿರಣಗಳನ್ನು ತಡೆಯುತ್ತದೆ, ಯುವಿ-ಎ ಬಹುಪಾಲು ಒಳಗೆ ಬಂದೇ ಬರುತ್ತದೆ. ಇದನ್ನು ತಡೆಯಲು ಪ್ಲಾಸ್ಟಿಕ್ ಅಚ್ಚು ಹಾಕುವಾಗಲೇ ಸ್ಟೆಬಿಲೈಸರ್ ಅನ್ನುವ ರಾಸಾಯನಿಕ ಬೆರೆಸುತ್ತಾರೆ, ಇಲ್ಲವೇ ಮೇಲೆ ಒಳ್ಳೆ ಬಣ್ಣ ಕೊಡುತ್ತಾರೆ. ಅದು ಎಷ್ಟು, ಎಂಥದ್ದು ಅನ್ನುವುದು ಕಂಪನಿಯ ಕೈಯಲ್ಲಿದೆ. ನನ್ನ ಕೈಯಲ್ಲಿಲ್ಲ, ನನ್ನ ಅಡುಗೆಮನೆಯಲ್ಲಂತೂ ಇಲ್ಲವೇ ಇಲ್ಲ.

ನನಗೆ ಗಟ್ಟಿ ಪುರಾವೆ ಸಿಕ್ಕಿದ್ದು ಪ್ರೊಸೆಸರ್ ಸ್ಟಿಕ್ಕರ್ ಕಿತ್ತಾಗ. ಬಲಗೈ ಕಡೆ ಅಂಟಿಸಿರುತ್ತಾರಲ್ಲ, ಅದರ ಕೆಳಗೆ ಚೌಕಾಕಾರದ ಜಾಗ ಅಂಗಡಿಯಿಂದ ತಂದ ದಿನದ ಬಿಳಿಯಲ್ಲೇ ಇದೆ. ಸುತ್ತಲೂ ಕೆನೆ ಬಣ್ಣ. ತಳದ ಕವರ್ ಕೂಡ ಅಷ್ಟೇ ಹಳೆಯದು, ಅದಕ್ಕೆ ಏನೂ ಆಗಿಲ್ಲ. ಹಗಲು ಹೊತ್ತಿನಲ್ಲಿ, ಫ್ಲ್ಯಾಶ್ ಹಾಕದೆ, ಪಕ್ಕದಲ್ಲಿ ಒಂದು ಬಿಳಿ ಕಾಗದ ಇಟ್ಟು ಫೋಟೋ ತೆಗೆಯಿರಿ. ಕಾಗದ ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾ ತಾನೇ ಬಣ್ಣ ಸರಿ ಮಾಡಿ ಹಳದಿಯನ್ನು ಅಳಿಸಿಬಿಡುತ್ತದೆ, ಆಮೇಲೆ ಅವರು ಫೋಟೋದಲ್ಲಿ ಏನೂ ಕಾಣುತ್ತಿಲ್ಲ ಅನ್ನುತ್ತಾರೆ.

ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿ ಬಂದರೆ ಒಂದು ದಿನದ ಕೆಲಸ ಹೋಯಿತು ಅಂತಲೇ ಲೆಕ್ಕ. ಆದರೂ ಹೋದೆ. ಕೌಂಟರಿನಲ್ಲಿದ್ದವರು ಮಷೀನ್ ತಿರುಗಿಸಿ ನೋಡಿ, "ಇದು ಕಾಸ್ಮೆಟಿಕ್ ರೀ ಮೇಡಮ್, ವಾರಂಟಿ ಒಳಗ ಬರಂಗಿಲ್ಲ" ಅಂದರು. ಅಂದರೆ ಬರೀ ಹೊರನೋಟದ ವಿಷಯವಂತೆ. ಬರೆದು ಕೊಡಿ ಅಂದೆ. ಬರೆದು ಕೊಡಲಿಲ್ಲ. ಜಾಬ್ ಶೀಟಿನಲ್ಲಾದರೂ ದೂರು ಏನು ಅಂತ ನಮೂದಿಸಿ ಅಂದಾಗ 'ಬಾಡಿ ಕಲರ್ ಚೇಂಜ್' ಅಂತ ಹಾಕಿದರು. ಆ ಚೀಟಿಯೇ ಆಮೇಲೆ ಕೆಲಸಕ್ಕೆ ಬಂತು. ಯಾವ ದೂರೇ ಇರಲಿ, ಜಾಬ್ ಶೀಟ್ ಇಲ್ಲದೆ ಕೌಂಟರ್ ಬಿಟ್ಟು ಬರಬೇಡಿ.

ಮೇಲಿನವರಿಗೆ ಮೇಲ್ ಬರೆದೆ. ಗೀರು ಬಿದ್ದರೆ, ಮೂಲೆ ಒಡೆದರೆ ಅದು ಕಾಸ್ಮೆಟಿಕ್, ಒಪ್ಪುತ್ತೇನೆ. ಯಾರೂ ಮುಟ್ಟದ ಗಾಳಿ ಸಂದಿ ತಾನಾಗೇ ಹಳದಿಯಾದರೆ ಅದು ಮಾಲಿನ ದೋಷ ಅಂತ ಬರೆದೆ. ಹಿಂದೆ ಹೀಗಾದಾಗ ದೊಡ್ಡ ಕಂಪನಿಯೇ ಒಪ್ಪಿಕೊಂಡ ಉದಾಹರಣೆಯನ್ನೂ ಸೇರಿಸಿದೆ. 2006ರ ಮೇ ತಿಂಗಳಲ್ಲಿ ಆಪಲ್ ಬಿಳಿ ಮ್ಯಾಕ್‌ಬುಕ್ ಬಿಟ್ಟಿತು, ಕೆಲವೇ ತಿಂಗಳಲ್ಲಿ ಕೈ ಊರುವ ಜಾಗದ ಬಣ್ಣ ಕೆಡುತ್ತಿದೆ ಅಂತ ಬಳಕೆದಾರರು ಗಲಾಟೆ ಎಬ್ಬಿಸಿದರು. ಕೊನೆಗೆ ಆಪಲ್ ತೊಂದರೆ ಇದೆ ಅಂತ ಒಪ್ಪಿ ಮೇಲಿನ ಭಾಗ ಬದಲಿಸಿಕೊಟ್ಟಿತು. ಹೊಸ ಲ್ಯಾಪ್‌ಟಾಪಿನ ಬಣ್ಣ ಕೆಡುವುದು ಇವತ್ತಿನ ಕಥೆ ಅಲ್ಲ, ಕೈ ತೊಳೆಯದ ಹೆಂಗಸರ ಕಥೆಯೂ ಅಲ್ಲ.

ಮೊದಲ ಉತ್ತರ ಯಾರಿಗೆ ಬೇಕಾದರೂ ಕಳಿಸಬಹುದಾದ ಮಾಮೂಲಿ ಪತ್ರ. ಎರಡನೇ ಮೇಲಿನಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಖರೀದಿ ಮಾಡಿದ ಊರಿಗೆ ಹೋಗಬೇಕಿಲ್ಲ, ನಾನು ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು, 5 ಲಕ್ಷದ ಒಳಗಿನ ಮಾಲಿಗೆ ಶುಲ್ಕವೂ ಇಲ್ಲ ಅಂತ ಶಾಂತವಾಗಿ ನೆನಪಿಸಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಿ ದೂರು ಸಂಖ್ಯೆ ತಗೊಂಡೆ. ಆಮೇಲೆ ದನಿ ಬದಲಾಯಿತು. 'ವಿಶೇಷ ಪ್ರಕರಣ ಎಂದು ಪರಿಗಣಿಸಿ' ಸಿ ಪ್ಯಾನಲ್ ಉಚಿತವಾಗಿ ಬದಲಿಸುತ್ತೇವೆ ಅಂದರು. ಸಿ ಪ್ಯಾನಲ್ ಅಂದರೆ ಕೀಬೋರ್ಡ್, ಟಚ್‌ಪ್ಯಾಡ್ ಕೂರುವ ಭಾಗ. ರಿಪೇರಿಯವರ ಲೆಕ್ಕದಲ್ಲಿ ಮುಚ್ಚಳ ಎ, ಸ್ಕ್ರೀನ್ ಸುತ್ತಿನ ಪಟ್ಟಿ ಬಿ, ತಳ ಡಿ. ಮುಚ್ಚಳ ಮಾತ್ರ ಬದಲಿಸುವುದಿಲ್ಲವಂತೆ. ಯಾಕೆ ಅಂತ ಕೇಳಿದರೆ ಅಪ್ರೂವಲ್ ಬಂದಿಲ್ಲ ಅನ್ನುವುದೊಂದೇ ಉತ್ತರ.

ಬದಲಿಸಿದ ಹುಡುಗ ಕೆಲಸ ಅಚ್ಚುಕಟ್ಟಾಗಿ ಮಾಡಿದ, ಒಂದು ಸ್ಕ್ರೂ ಕೂಡ ಹೆಚ್ಚುಕಡಿಮೆ ಆಗಿಲ್ಲ. ಹೊಸ ಪ್ಯಾನಲ್ ಜೊತೆ ಹೊಸ ಕೀಬೋರ್ಡ್ ಬಂತು, ಅದು ಲಾಭವೇ. ಆದರೆ ಈಗ ತೆರೆದಾಗ ಒಳಗೆ ಹಾಲಿನ ಬಿಳಿ, ಮುಚ್ಚಿದರೆ ಕೆನೆ ಬಣ್ಣ. ಎರಡು ಬೇರೆ ಮಷೀನ್ ಜೋಡಿಸಿದ ಹಾಗೆ ಕಾಣುತ್ತದೆ. ಎರಡನೇ ಬೇಸಿಗೆಗೆ ಟೇಬಲ್ಲನ್ನೇ ಕಿಟಕಿಯಿಂದ ಒಳಗಿನ ಗೋಡೆಗೆ ಸರಿಸಿದೆ. ಕೈ ಊರುವ ಜಾಗಕ್ಕೆ ಪಾರದರ್ಶಕ ಸ್ಕಿನ್ ಅಂಟಿಸಿದೆ. ಆ ಭಾಗ ಈಗಲೂ ಚೆನ್ನಾಗಿದೆ. ಗಾಳಿ ಸಂದಿ ಪಕ್ಕ ಮಾತ್ರ, ಬಿಸಿಲೇ ಬೀಳದ ಜಾಗದಲ್ಲಿ, ಹೊಸ ಪ್ಯಾನಲ್ಲೂ ಮತ್ತೆ ತೆಳ್ಳಗೆ ಹಳದಿ ತಿರುಗಿದೆ. ಅದೇ ಮಾಲಿನ ಪ್ಯಾನಲ್ ಹಾಕಿದರೆ ಇನ್ನೇನಾಗುತ್ತೆ ಹೇಳಿ. ಈ ಪ್ಯಾನಲ್ಲಿನ ಪ್ಲಾಸ್ಟಿಕ್ ಮೊದಲಿನದ್ದೇನಾ, ಬೇರೆಯಾ ಅಂತ ಲಿಖಿತವಾಗಿ ಕೇಳಿದ್ದೇನೆ. ಕಾಯುತ್ತಿದ್ದೇನೆ.

ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟರೆ ಬಿಳಿಯಾಗುತ್ತೆ ಅಂತ ಕೆಲವರು ಸಲಹೆ ಕೊಟ್ಟರು. ಹಳೇ ಕಂಪ್ಯೂಟರ್ ಜೋಪಾನ ಮಾಡುವವರು 2008ರಿಂದ ಇದನ್ನು ಮಾಡುತ್ತಿದ್ದಾರೆ, ಬಿಳಿ ಆಗುವುದೂ ನಿಜ. ಆದರೆ ಅವರು ಪ್ಲಾಸ್ಟಿಕ್ ಭಾಗವನ್ನು ಪೂರ್ತಿ ಬಿಚ್ಚಿ ತೆಗೆದು ಮಾಡುತ್ತಾರೆ, ಎಷ್ಟೋ ಸಲ ಹಳದಿ ವಾಪಸ್ ಬರುತ್ತದೆ, ಸಮನಾಗಿ ಹಚ್ಚದಿದ್ದರೆ ಪಟ್ಟೆ ಪಟ್ಟೆ ಉಳಿಯುತ್ತದೆ. ವಾರಂಟಿ ಇರುವ ಮಷೀನಿಗೆ ಇದನ್ನು ಮಾಡಿದರೆ ಕಂಪನಿಯವರಿಗೆ ನಾವೇ ನೆಪ ಕೊಟ್ಟಂತೆ.

ಇದೇ ಮಾಡೆಲ್ ತಗೊಳ್ಳಬಹುದಾ? ಬೂದು ಬಣ್ಣದ್ದು ಸಿಕ್ಕರೆ ಧೈರ್ಯವಾಗಿ ತಗೊಳ್ಳಿ, ಒಳಗಿನ ಸಾಮಾನು ಒಳ್ಳೆಯದಿದೆ. ಪ್ಲಾಸ್ಟಿಕ್ ಅದರಲ್ಲೂ ಅದೇ ಇರಬಹುದು, ಕಣ್ಣಿಗೆ ಬೀಳುವುದು ಕಡಿಮೆ. ಬಿಳಿಯೇ ಬೇಕು ಅಂದರೆ ಕೈ ಊರುವ ಭಾಗ ಲೋಹದ್ದಿರುವ ಬೇರೆ ಮಾಡೆಲ್ ನೋಡಿ, ಮತ್ತೆ ಮೊದಲ ದಿನವೇ ನಾಲ್ಕೂ ಕಡೆಯಿಂದ ಫೋಟೋ ತೆಗೆದಿಟ್ಟುಕೊಳ್ಳಿ. ಬಣ್ಣ ಕೆಟ್ಟರೆ ಏನಂತೆ, ಕೆಲಸ ನಡೆಯುತ್ತಲ್ಲ ಅಂತ ನಮ್ಮ ಮನೆಯವರೂ ಅಂದರು. ಮೊನ್ನೆ ಹಳೇ ಲ್ಯಾಪ್‌ಟಾಪ್ ಕೊಳ್ಳುವ ಅಂಗಡಿಯಲ್ಲಿ ಸುಮ್ನೆ ರೇಟ್ ಕೇಳೋಣ ಅಂತ ಇದನ್ನು ಒಯ್ದು ತೋರಿಸಿದೆ. ಅಂಗಡಿಯವರು ಮುಚ್ಚಳ ನೋಡಿ, "ಭಾಳ ಹಳೇದೈತಿ ಬಿಡ್ರಿ ಅಕ್ಕಾರ" ಅಂತ ರೇಟ್ ಇಳಿಸಿಬಿಟ್ಟರು, ಆನ್ ಮಾಡಿ ಕೂಡ ನೋಡಲಿಲ್ಲ. ಬಿಲ್ ತೋರಿಸಿದ ಮೇಲೆ ಎರಡು ಸಾವಿರ ಏರಿಸಿದರು.