ಅಟ್ಟದ ಗಾಳಿಯೋ, ಹೀಟ್ ರಿಕವರಿಯೋ, ಬರೀ ಕಿಟಕಿಯೋ?

ನ್ಯೂಜಿಲೆಂಡಿನ ಹ್ಯಾಮಿಲ್ಟನ್ನಿನಲ್ಲಿ ನಮ್ಮದು ಎಪ್ಪತ್ತರ ದಶಕದ ಮರದ ಮನೆ, ತಗಡಿನ ಮಾಡು. ಜೂನ್ ಬಂತೆಂದರೆ ಇಲ್ಲಿ ಚಳಿಗಾಲ, ಬೆಳಗ್ಗೆ ಎದ್ದು ಕಿಟಕಿ ಗಾಜು ಒರೆಸುವುದೇ ಮೊದಲ ಕೆಲಸ. ಟವೆಲ್ ಹಿಂಡಿದರೆ ಅರ್ಧ ಲೋಟ ನೀರು. ಪರದೆಯ ಅಂಚಿಗೆಲ್ಲ ಬೂಷ್ಟು.

ಇದಕ್ಕೆ ಮದ್ದು ಅಟ್ಟದಲ್ಲೊಂದು ಫ್ಯಾನು, ಬಿಸಿಲಿಗೆ ಮಾಡಿನ ಕೆಳಗಿನ ಗಾಳಿ ಪುಕ್ಕಟೆ ಕಾಯುತ್ತದೆ, ಫ್ಯಾನು ಅದನ್ನು ಸೋಸಿ ಕೋಣೆಗಳಿಗೆ ತಳ್ಳುತ್ತದೆ ಎಂದರು ಮಾರುವವರು. ಒಲೆಯ ಮೇಲಿನ ಬೆಚ್ಚನೆ ಅಟ್ಟ ನೋಡಿ ಬೆಳೆದ ಮಲೆನಾಡಿನವನಿಗೆ ಇದನ್ನು ಬಿಡಿಸಿ ಹೇಳಬೇಕೆ? ಹಾಕಿಸಿಯೇಬಿಟ್ಟೆ.

ಆಮೇಲೆ ಒಂದು ಥರ್ಮಾಮೀಟರಿಗೆ ದಾರ ಕಟ್ಟಿ ಅಟ್ಟದಲ್ಲಿ ತೂಗುಬಿಟ್ಟೆ. ಜುಲೈ ತಿಂಗಳ ಬಿಸಿಲಿನ ಮಧ್ಯಾಹ್ನ ಅಲ್ಲಿ 24 ಡಿಗ್ರಿ, ಮನೆಯೊಳಗೆ 16. ಫ್ಯಾನು ಸೆಕೆಂಡಿಗೆ 60 ಲೀಟರ್ ಗಾಳಿ ತಳ್ಳಿದರೆ ಸುಮಾರು 580 ವ್ಯಾಟ್ ಶಾಖ ಬಿಟ್ಟಿ. ಸರಿ, ಆ ಹೊತ್ತಿಗೆ ಮನೆಯಲ್ಲಿ ಯಾರಿರುತ್ತಾರೆ? ನಾವೆಲ್ಲ ಬಂದು ಸೇರುವ ಆರು ಗಂಟೆಗೆ ತಗಡು ತಣ್ಣಗಾಗಿರುತ್ತದೆ. ರಾತ್ರಿ ಎರಡಕ್ಕೆ ನೋಡಿದರೆ ಅಟ್ಟ 5 ಡಿಗ್ರಿ, ಒಳಗೆ 17. ಅದೇ ಫ್ಯಾನು ಈಗ 870 ವ್ಯಾಟ್ ಶಾಖ ಕಳೆಯುತ್ತಿದೆ, ಮನೆ ಬೆಚ್ಚಗಿಡುವ ಹೀಟ್ ಪಂಪ್ ಅದನ್ನು ತುಂಬಿಕೊಡಲು ಒದ್ದಾಡುತ್ತಿದೆ. ಮೋಡವಿಲ್ಲದ ರಾತ್ರಿ ತಗಡು ಹೊರಗಿನ ಗಾಳಿಗಿಂತಲೂ ತಣ್ಣಗಾಗುವುದುಂಟು.

ಸುಳ್ಳು ಹೇಳಬಾರದು, ಗಾಜಿನ ಮೇಲಿನ ನೀರು ಮುಕ್ಕಾಲು ಪಾಲು ಇಳಿಯಿತು. ಆದರೆ ಫ್ಯಾನು ಗಾಳಿಯನ್ನು ಒಳಗೆ ತಳ್ಳುತ್ತದೆಯೇ ಹೊರತು ಹೊರಕ್ಕೆ ಎಳೆಯುವುದಿಲ್ಲವಾದ್ದರಿಂದ ಸಾಸಿವೆ ಇಂಗಿನ ಒಗ್ಗರಣೆ ಘಾಟು ನೆಟ್ಟಗೆ ಮಲಗುವ ಕೋಣೆಗೆ! ಇನ್ನೊಂದು ಮಾತು: ಇಲ್ಲಿನ ಕಟ್ಟಡ ನಿಯಮ ಕೇಳುವುದು ಹೊರಗಿನ ಗಾಳಿಯನ್ನು. ಅಟ್ಟದ ಗಾಳಿ ಆ ಲೆಕ್ಕಕ್ಕೆ ಬರುವುದಿಲ್ಲ.

ಭಾವನ ಹೊಸ ಮನೆಯಲ್ಲಿ ಹೀಟ್ ರಿಕವರಿ ಇದೆ. ಹೊರಹೋಗುವ ಗಾಳಿಯ ಶಾಖವನ್ನು ಒಳಬರುವ ಗಾಳಿ ಹೀರಿಕೊಳ್ಳುತ್ತದೆ, ಎರಡೂ ಬೆರೆಯುವುದಿಲ್ಲ. ಮುಕ್ಕಾಲು ಪಾಲು ಶಾಖ ಉಳಿದರೆ 5 ಡಿಗ್ರಿಯ ಗಾಳಿ 14 ಆಗಿ ಬರುತ್ತದೆ. ಅದೇ 60 ಲೀಟರಿಗೆ ನಷ್ಟ 220 ವ್ಯಾಟ್ ಆಸುಪಾಸು. ಎರಡು ವಾರ ಅಲ್ಲಿದ್ದೆವು, ಗಾಜು ಒಣಗಿಯೇ ಇತ್ತು. ನಮಗೂ ಆಸೆಯಾಗಿ ಬೆಲೆ ಕೇಳಿದರೆ ಅಟ್ಟದ ಫ್ಯಾನಿನ ಮೂರು ಪಟ್ಟು. ಮೇಲಾಗಿ ನಮ್ಮ ಮನೆಯ ಸಂದುಗಳಲ್ಲಿ ಗಾಳಿ ಹೇಗೂ ನುಗ್ಗುತ್ತದೆ. ಯಂತ್ರದ ಮೂಲಕ ಹೋಗದ ಆ ಗಾಳಿಯಿಂದ ಏನೂ ಉಳಿಯುವುದಿಲ್ಲ.

ಹಾಗಾಗಿ ಈಗ ನಾವು ಮಾಡುತ್ತಿರುವುದು ಬಡಪಾಯಿ ಉಪಾಯ. ಅಡುಗೆಮನೆ, ಬಚ್ಚಲು ಎರಡಕ್ಕೂ ಎಕ್ಸಾಸ್ಟ್ ಫ್ಯಾನು, ಕೊಳವೆ ಅಟ್ಟಕ್ಕಲ್ಲ, ಮನೆಯ ಹೊರಕ್ಕೆ. ಬೆಳಗ್ಗೆ ಹತ್ತು ನಿಮಿಷ ಎದುರುಬದುರು ಕಿಟಕಿ ತೆರೆದಿಡುತ್ತೇವೆ. ಬಟ್ಟೆ ಒಳಗೆ ಒಣಗಿಸುವುದಿಲ್ಲ, ಒಂದು ಲೋಡಿನಿಂದ ಐದು ಲೀಟರ್‌ನಷ್ಟು ನೀರು ಗಾಳಿಗೆ ಸೇರುತ್ತದಂತೆ. ಟವೆಲ್ ಹಿಂಡಿದರೆ ಈಗ ನಾಲ್ಕು ಹನಿ. ಮಳೆಗಾಲದಂಥ ಆಗಸ್ಟ್ ವಾರಗಳಲ್ಲಿ ಸ್ವಲ್ಪ ಜಾಸ್ತಿ.

ನಮ್ಮಂಥ ಹಳೆ ಮನೆಗೆ ನನ್ನ ಓಟು ಇದಕ್ಕೇ. ಬಿಗಿಯಾಗಿ ಕಟ್ಟಿದ ಹೊಸ ಮನೆಯಾದರೆ ಭಾವನದು. ಅಟ್ಟದ ಫ್ಯಾನನ್ನು ಕಿತ್ತಿಲ್ಲ. ಟೈಮರ್ ಹಾಕಿದ್ದೇನೆ, ಚಳಿಗಾಲದಲ್ಲಿ ಹನ್ನೊಂದರಿಂದ ಮೂರರವರೆಗೆ ಮಾತ್ರ. ಬೇಸಿಗೆಗೆ ಪೂರ್ತಿ ಬಂದ್: ಜನವರಿಯಲ್ಲಿ ದಾರದ ತುದಿಯ ಥರ್ಮಾಮೀಟರು 45 ತೋರಿಸಿತ್ತು.