ಹಲವು ಗೇಟ್‌ವೇಗಳಿಗೆ ಒಂದೇ ಎಲ್‌ಯು ಪೂಲ್: ದೀರ್ಘ ಬಳಕೆಯ ನಂತರದ ವಿಮರ್ಶೆ

ಮೇನ್‌ಫ್ರೇಮ್ ಟರ್ಮಿನಲ್ ಸಂಪರ್ಕ ನೋಡಿಕೊಳ್ಳುವ ಕೆಲಸದಲ್ಲಿ ನಾನು ಅತಿ ಹೆಚ್ಚು ನೆಚ್ಚಿಕೊಂಡಿರುವುದು ಹೋಸ್ಟ್ ಇಂಟಿಗ್ರೇಷನ್ ಸರ್ವರ್‌ನ ಎಲ್‌ಯು (ಲಾಜಿಕಲ್ ಯೂನಿಟ್, ಅಂದರೆ ಮೇನ್‌ಫ್ರೇಮ್ ಒಂದು ಟರ್ಮಿನಲ್ ಅಥವಾ ಪ್ರಿಂಟರ್ ಅನ್ನು ಗುರುತಿಸುವ, ಹೆಸರುಳ್ಳ ಸಂಪರ್ಕ ಬಿಂದು) ಪೂಲ್ ಸೌಲಭ್ಯವನ್ನು. ಪಿಸಿಗಳನ್ನು ಮೇನ್‌ಫ್ರೇಮ್‌ಗೆ ಬೆಸೆಯುವ ಮೈಕ್ರೋಸಾಫ್ಟ್‌ನ ಈ ಗೇಟ್‌ವೇಗೆ ಮೊದಲು ಎಸ್‌ಎನ್‌ಎ ಸರ್ವರ್ ಎಂಬ ಹೆಸರಿತ್ತು. 2000ದ ಆವೃತ್ತಿಯಿಂದ ಈಗಿನ ಹೆಸರು ಬಂತು. ಪೂಲ್‌ನ ಮೂಲ ಕಲ್ಪನೆ ಅಂದಿನಿಂದಲೂ ಹಾಗೆಯೇ ಇದೆ, ಅದು ಉಳಿದುಕೊಂಡದ್ದಕ್ಕೆ ಕಾರಣವೂ ಇದೆ.

3270 ಪರದೆ (ಐಬಿಎಂ ಮೇನ್‌ಫ್ರೇಮ್‌ನ ಟರ್ಮಿನಲ್ ಪರದೆ) ತೆರೆಯುವ ಪ್ರತಿಯೊಬ್ಬರಿಗೂ ಹೋಸ್ಟ್ (ಮೇನ್‌ಫ್ರೇಮ್) ಕಡೆಯಲ್ಲಿ ಒಂದು ಎಲ್‌ಯು ಬೇಕು. ಒಂದು ಪಿಯು (ಫಿಸಿಕಲ್ ಯೂನಿಟ್, ಅಂದರೆ ಎಲ್‌ಯುಗಳನ್ನು ಹೊರುವ ಒಂದು ಹೋಸ್ಟ್ ಸಂಪರ್ಕ) ಅಡಿಯಲ್ಲಿ ಹೆಚ್ಚೆಂದರೆ 254 ಎಲ್‌ಯುಗಳು ಸಿಗುತ್ತವೆ. ಒಬ್ಬೊಬ್ಬರ ಹೆಸರಿಗೆ ಒಂದೊಂದನ್ನು ಮೀಸಲಿಟ್ಟರೆ, ರಜೆಯಲ್ಲಿರುವವರ ಎಲ್‌ಯುಗಳು ಖಾಲಿ ಬಿದ್ದಿರುವಾಗಲೇ ಹೊಸಬರಿಗೆ ಜಾಗವಿಲ್ಲ ಎಂಬ ಸ್ಥಿತಿ ಬರುತ್ತದೆ. ಪೂಲ್ ಮಾಡಿದರೆ ಕೇಳಿದವರಿಗೆ ಖಾಲಿ ಇರುವುದು ಸಿಗುತ್ತದೆ. ಇಷ್ಟನ್ನು ಒಂದೇ ಸರ್ವರ್ ಕೂಡ ಮಾಡಬಲ್ಲದು. ಒಂದು ಸಬ್‌ಡೊಮೈನ್‌ಗೆ (ಒಟ್ಟಿಗೆ ನಿರ್ವಹಿಸುವ ಸರ್ವರ್‌ಗಳ ಗುಂಪಿಗೆ) 15 ಸರ್ವರ್‌ಗಳವರೆಗೆ ಸೇರಿಸಿ, ಅವುಗಳ ಬೇರೆ ಬೇರೆ ಸಂಪರ್ಕಗಳ ಎಲ್‌ಯುಗಳನ್ನು ಒಂದೇ ಪೂಲ್‌ಗೆ ಹಾಕಿದಾಗಲೇ ಇದರ ನಿಜವಾದ ಬೆಲೆ ತಿಳಿಯುವುದು. ಬಳಕೆದಾರರಿಗೆ ಗೊತ್ತಿರಬೇಕಾದದ್ದು ಪೂಲ್‌ನ ಹೆಸರು ಮಾತ್ರ. ತಮ್ಮ ಸೆಷನ್ ಯಾವ ಯಂತ್ರದ ಮೂಲಕ ಹೋಗುತ್ತಿದೆ ಎಂದು ಅವರು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇದರಿಂದ ನನಗೆ ದಕ್ಕಿದ ದೊಡ್ಡ ನೆಮ್ಮದಿ ನಿರ್ವಹಣೆಯದು. ಒಂದು ಸರ್ವರ್‌ಗೆ ಪ್ಯಾಚ್ ಹಾಕಬೇಕಾದರೆ ಅದರ ಎಲ್‌ಯುಗಳಿಗೆ ಹೊಸ ಸೆಷನ್ ಹೋಗದಂತೆ ಮಾಡಿ, ಹಳೆಯವು ತಾವಾಗಿ ಮುಗಿಯಲು ಬಿಟ್ಟು, ಕೆಲಸದ ದಿನದಲ್ಲಿಯೇ ಸಾವಕಾಶವಾಗಿ ಮುಗಿಸಬಹುದು. ಆದರೆ ಮಾರಾಟದ ಪ್ರಚಾರ ಓದಿ ಅತಿಯಾಗಿ ನಿರೀಕ್ಷಿಸಬೇಡಿ. ಸರ್ವರ್ ಹಠಾತ್ತಾಗಿ ಬಿದ್ದರೆ ಅದರ ಮೇಲಿದ್ದ ಸೆಷನ್‌ಗಳು ಅದರೊಂದಿಗೇ ಹೋಗುತ್ತವೆ. ಬಳಕೆದಾರರು ಮತ್ತೆ ಸಂಪರ್ಕಿಸಿದಾಗ ಇನ್ನೊಂದು ಸರ್ವರ್‌ನ ಎಲ್‌ಯು ಸಿಕ್ಕಿ ವಿಟ್ಯಾಮ್‌ನ (ಮೇನ್‌ಫ್ರೇಮ್‌ನಲ್ಲಿ ಸಂಪರ್ಕಗಳನ್ನು ನಿಭಾಯಿಸುವ ತಂತ್ರಾಂಶದ) ಸ್ವಾಗತ ಪರದೆ ಬರುತ್ತದೆ. ಲಾಗಿನ್ ಮೊದಲಿನಿಂದ ಮಾಡಬೇಕು. ಪೂಲ್ ಕಾಪಾಡುವುದು ಮುಂದಿನ ಸೆಷನ್ ಅನ್ನು. ಇದನ್ನು ಬಳಕೆದಾರರಿಗೆ ಮೊದಲೇ ತಿಳಿಸಿಟ್ಟರೆ ಬೀಳುವ ದಿನ ಅರ್ಧದಷ್ಟು ಕರೆಗಳು ತಪ್ಪುತ್ತವೆ.

ಹೊಸದಾಗಿ ಇದನ್ನು ಕಟ್ಟುವವರು ಹೆಚ್ಚು ಯೋಚಿಸಬೇಕಾದ ವಿಷಯ ಎಲ್‌ಯುಗಳ ಹೆಸರು. ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಎಲ್‌ಯುವಿನ ಹೆಸರು ಎಂಟು ಅಕ್ಷರಗಳಷ್ಟು ಇರಬಹುದು. ಮೇನ್‌ಫ್ರೇಮ್‌ನಲ್ಲಿ ವಹಿವಾಟುಗಳನ್ನು ನಡೆಸುವ ಐಬಿಎಂ ತಂತ್ರಾಂಶವಾದ ಸಿಐಸಿಎಸ್‌ನ ಟರ್ಮಿನಲ್ ಗುರುತಿಗೆ ನಾಲ್ಕೇ ಅಕ್ಷರ. ಆಟೊಇನ್‌ಸ್ಟಾಲ್‌ಗೆಂದು (ಟರ್ಮಿನಲ್ ಸಂಪರ್ಕಿಸಿದಾಗ ಅದನ್ನು ತಾನಾಗಿ ದಾಖಲಿಸಿಕೊಳ್ಳಲೆಂದು) ಐಬಿಎಂ ಕೊಡುವ ಡಿಎಫ್‌ಎಚ್‌ಜೆಡ್‌ಎಟಿಡಿಎಕ್ಸ್ ಪ್ರೋಗ್ರಾಂ ಎಲ್‌ಯು ಹೆಸರಿನ ಕೊನೆಯ ನಾಲ್ಕು ಅಕ್ಷರಗಳನ್ನೇ ಆ ಗುರುತಾಗಿ ತೆಗೆದುಕೊಳ್ಳುತ್ತದೆ. ಮೊದಲ ಸರ್ವರ್‌ನಲ್ಲಿ ಜಿಡಬ್ಲ್ಯು1ಟಿ0045, ಎರಡನೆಯದರಲ್ಲಿ ಜಿಡಬ್ಲ್ಯು2ಟಿ0045 ಎಂದು ಇಟ್ಟರೆ ನೋಡಲು ಅಚ್ಚುಕಟ್ಟು. ಸಿಐಸಿಎಸ್‌ಗೆ ಮಾತ್ರ ಎರಡೂ 0045. ಎರಡೂ ಒಂದೇ ಹೊತ್ತಿಗೆ ಒಂದೇ ರೀಜನ್‌ಗೆ (ಚಾಲನೆಯಲ್ಲಿರುವ ಸಿಐಸಿಎಸ್‌ನ ಒಂದು ಪ್ರತಿಗೆ) ಬಂದರೆ ಎರಡನೆಯವರಿಗೆ ಪ್ರವೇಶವಿಲ್ಲ. ಸರ್ವರ್‌ಗಳು ಬೇರೆ ಬೇರೆ ಪೂಲ್‌ಗಳಾಗಿ ಬೇರೆ ಬೇರೆ ರೀಜನ್‌ಗಳಿಗೆ ಸೇವೆ ಕೊಡುತ್ತಿದ್ದಾಗ ಇದು ಗಮನಕ್ಕೇ ಬರುವುದಿಲ್ಲ, ಪೂಲ್ ಒಂದಾದ ಕೂಡಲೇ ಆಗೊಮ್ಮೆ ಈಗೊಮ್ಮೆ ತಲೆ ಎತ್ತುತ್ತದೆ. ಎಮ್ಯುಲೇಟರ್ (ಪಿಸಿಯಲ್ಲಿ 3270 ಪರದೆ ತೋರಿಸುವ ತಂತ್ರಾಂಶ), ಫೈರ್‌ವಾಲ್, ನೆಟ್‌ವರ್ಕ್ ಎಲ್ಲವನ್ನೂ ಅನುಮಾನಿಸಿದ ಮೇಲೆಯೇ ಹೆಸರಿನತ್ತ ಕಣ್ಣು ಹೋಗುವುದು. ಸರ್ವರ್‌ನ ಗುರುತನ್ನು ಕೊನೆಯ ನಾಲ್ಕರೊಳಗೇ ಇಡಿ: ಒಂದಕ್ಕೆ ಎ045, ಇನ್ನೊಂದಕ್ಕೆ ಬಿ045.

ಇದೇ ಹೆಸರು ಭದ್ರತೆಯಲ್ಲಿಯೂ ಎದುರಾಗುತ್ತದೆ. ಮೇನ್‌ಫ್ರೇಮ್‌ನ ಭದ್ರತಾ ತಂತ್ರಾಂಶ ರ್‍ಯಾಕ್‌ಎಫ್‌ನ ಟರ್ಮಿನಲ್ ಕ್ಲಾಸ್ ಬಳಸಿ ‘ಈ ಟರ್ಮಿನಲ್‌ನಿಂದ ಮಾತ್ರ’ ಎಂಬ ನಿಯಮ ಬರೆದಿದ್ದರೆ, ಪೂಲ್‌ಗೆ ಬಂದ ಮೇಲೆ ಆ ನಿಯಮಕ್ಕೆ ಅರ್ಥವೇ ಉಳಿಯುವುದಿಲ್ಲ. ಇಂದು ಸಿಕ್ಕ ಎಲ್‌ಯು ನಾಳೆ ಬೇರೊಬ್ಬರದು. ಅಂಥ ನಿಯಮ ಬೇಕಾದವರಿಗೆ ಸಣ್ಣದೊಂದು ಪ್ರತ್ಯೇಕ ಪೂಲ್ ಇಡುವುದು ಅಥವಾ ಹೆಸರಿನಿಂದಲೇ ಎಲ್‌ಯು ಕೊಡುವುದು ಒಳ್ಳೆಯದು.

ಇನ್ನು ಲೆಕ್ಕ. ಮೂರು ಸರ್ವರ್‌ಗಳಲ್ಲಿ ತಲಾ 200 ಎಲ್‌ಯು ಇದ್ದರೆ ಪೂಲ್‌ನಲ್ಲಿ 600 ಎಂದು ತೋರುತ್ತದೆ. ದಟ್ಟಣೆಯ ಹೊತ್ತಿನಲ್ಲಿ 450 ಮಂದಿ ಇರುವ ಕಡೆ ಒಂದು ಸರ್ವರ್ ಹೋದರೆ ಉಳಿಯುವುದು 400, ಐವತ್ತು ಮಂದಿ ಹೊರಗೆ. ಆದ್ದರಿಂದ ಒಂದು ಸರ್ವರ್ ಇಲ್ಲವೆಂದುಕೊಂಡೇ ಎಣಿಸಬೇಕು. ಸುಮ್ಮನೆ ತೆರೆದಿಟ್ಟು ಹೋದ ಸೆಷನ್‌ಗಳೂ ಪೂಲ್ ಅನ್ನು ತಿನ್ನುತ್ತವೆ, ಹಾಗಾಗಿ ನಿಷ್ಕ್ರಿಯ ಸೆಷನ್‌ಗಳಿಗೆ ಕಾಲಮಿತಿ ಹಾಕುವುದು ಅನಿವಾರ್ಯ.

ಟಿಎನ್3270 (ಟಿಸಿಪಿ/ಐಪಿ ನೆಟ್‌ವರ್ಕ್ ಮೇಲೆ 3270 ಪರದೆ ತರುವ ಪ್ರೋಟೊಕಾಲ್) ಮೂಲಕ ಬರುವವರ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಎಮ್ಯುಲೇಟರ್‌ನಲ್ಲಿ ಒಂದೇ ಸರ್ವರ್‌ನ ವಿಳಾಸ ಬರೆದಿದ್ದರೆ, ಆ ಸರ್ವರ್ ನಿಂತಾಗ ಅದರ ಹಿಂದಿರುವ ಪೂಲ್ ಎಷ್ಟು ದೊಡ್ಡದಿದ್ದರೂ ಅಲ್ಲಿಗೆ ತಲುಪುವ ದಾರಿಯಿಲ್ಲ. ಬದಲಿ ವಿಳಾಸಗಳ ಪಟ್ಟಿ ಕೊಡಿ, ಇಲ್ಲವೇ ಮುಂದೆ ಲೋಡ್ ಬ್ಯಾಲೆನ್ಸರ್ ಇಡಿ.

ಪ್ರಿಂಟರ್‌ಗಳನ್ನು ನಾನು ಪೂಲ್‌ನಿಂದ ದೂರವೇ ಇಟ್ಟಿದ್ದೇನೆ. ಹೋಸ್ಟ್‌ನ ಕೆಲಸಗಳು ಪ್ರಿಂಟರ್ ಎಲ್‌ಯುವನ್ನು ಹೆಸರು ಹಿಡಿದೇ ಹುಡುಕುತ್ತವೆ, ಕಾಗದ ಯಾವ ಕೋಣೆಯಲ್ಲಿ ಹೊರಬರಬೇಕು ಎಂಬುದು ಆ ಹೆಸರಿನ ಮೇಲೆಯೇ ನಿಂತಿದೆ.