ಕ್ಲಾಕ್ ಟವರ್ ಬಳಿಯ ಪಾದಚಾರಿ ಅಂಡರ್‌ಪಾಸ್: ಅಂಗಡಿ ಬೀದಿಯ ಕಡೆಯಿಂದ ಒಂದು ವಿಮರ್ಶೆ

ಮಂಗಳೂರಿನ ಕ್ಲಾಕ್ ಟವರ್ ಬಳಿ, ಕುದ್ಮುಲ್ ರಂಗರಾವ್ ಪುರಭವನದ ಬದಿಯಿಂದ ಮಿನಿ ವಿಧಾನಸೌಧದ ಬದಿಗೆ ರಸ್ತೆಯಡಿಯಲ್ಲಿ ದಾಟಲೆಂದು ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಕಟ್ಟಿರುವ ಪಾದಚಾರಿ ಅಂಡರ್‌ಪಾಸಿನ ಬಗ್ಗೆ ಮಾತು ಬಂದಾಗಲೆಲ್ಲ ವಾಹನಗಳ ಓಟವೇ ಮುಂದಾಗುತ್ತದೆ. ಬಸ್ಸುಗಳಿಗೆ ಅಡ್ಡಿ ತಪ್ಪಿತೇ, ದಾಟುವವರಿಗೆ ಅಪಾಯ ಕಡಿಮೆಯಾಯಿತೇ ಎಂಬ ಪ್ರಶ್ನೆಗಳು ಮುಖ್ಯವೇ ಸರಿ. ಆದರೆ ಹಂಪನಕಟ್ಟೆಯಿಂದ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದವರೆಗಿನ ಈ ಪ್ರದೇಶ ಬರಿಯ ಹಾದುಹೋಗುವ ದಾರಿಯಲ್ಲ, ನಗರದ ಹಳೆಯ ಅಂಗಡಿ ಬೀದಿಗಳ ಹೆಬ್ಬಾಗಿಲು. ಆದ್ದರಿಂದ ನೆಲದಡಿಯ ಈ ದಾರಿ ನೆಲದ ಮೇಲಿನ ವ್ಯಾಪಾರಕ್ಕೆ ಏನು ಮಾಡುತ್ತದೆ ಎಂಬ ಒಂದೇ ಅಳತೆಯಲ್ಲಿ ಅದನ್ನು ಇಲ್ಲಿ ನೋಡಿದ್ದೇನೆ.

ಮೊದಲು ಒಳ್ಳೆಯದನ್ನೇ ಹೇಳಬೇಕು. ಇದರ ಅತಿ ದೊಡ್ಡ ಗುಣ ಇದು ಗಿಡ್ಡವಾಗಿರುವುದು. ಒಂದು ಬದಿಯಲ್ಲಿ ಇಳಿದವರು ರಸ್ತೆಯ ಅಗಲವನ್ನಷ್ಟೇ ದಾಟಿ ಇನ್ನೊಂದು ಬದಿಯಲ್ಲಿ ಮತ್ತೆ ಬೀದಿಗೇ ಬರುತ್ತಾರೆ. ಸ್ಟೇಟ್‌ಬ್ಯಾಂಕಿನಲ್ಲಿ ಸಿಟಿ ಬಸ್ಸಿನಿಂದ ಇಳಿದು ಲೇಡಿಗೋಷನ್ ಆಸ್ಪತ್ರೆಗೋ ಕಂದಾಯದ ಕೆಲಸಕ್ಕೋ ಹೊರಟವರು ಎಡೆಬಿಡದೆ ಬರುವ ವಾಹನಗಳ ನಡುವೆ ಕೈ ಅಡ್ಡ ಹಿಡಿದು ಓಡಬೇಕಾಗಿಲ್ಲ, ಹಾಗೆಂದು ಅವರು ಬೀದಿಗೆ ಇಲ್ಲವಾಗುವುದೂ ಇಲ್ಲ. ಮೇಲೆ ಬಂದ ಕೂಡಲೇ ಕಣ್ಣಿಗೆ ಬೀಳುವುದು ಫುಟ್‌ಪಾತ್, ಮುಂದೆ ನಡೆದರೆ ಅಂಗಡಿಗಳ ಸಾಲು. ಪಾದಚಾರಿಯನ್ನು ಬೀದಿಯಿಂದ ಪಡೆದು ಬೀದಿಗೇ ಹಿಂದಿರುಗಿಸುವ ಅಂಡರ್‌ಪಾಸಿಗೂ ಅವನನ್ನು ತನ್ನಲ್ಲೇ ಇಟ್ಟುಕೊಳ್ಳುವ ಸುರಂಗಕ್ಕೂ ಇರುವ ಅಂತರ ಬಹಳ ದೊಡ್ಡದು.

ಆ ಅಂತರವನ್ನು ತಿಳಿಯಲು ಉತ್ತರ ಅಮೆರಿಕದ ನಗರಗಳನ್ನು ನೋಡಬೇಕು. ಟೆಕ್ಸಸ್‌ನ ಹ್ಯೂಸ್ಟನ್ನಿನಲ್ಲಿ ಪೇಟೆಯ ನಡುಭಾಗದ ಕಚೇರಿ ಕಟ್ಟಡಗಳನ್ನು ಜೋಡಿಸುವ ಸುಮಾರು 10 ಕಿಲೋಮೀಟರ್ ಉದ್ದದ ಸುರಂಗ ಜಾಲವಿದೆ. ಅದರ ಬಹುತೇಕ ಬಾಗಿಲುಗಳು ಬೀದಿಯಲ್ಲಿಲ್ಲ, ಕಟ್ಟಡಗಳ ಒಳಗಿವೆ. ಕಾರು ನಿಲ್ಲಿಸಿದ ನೌಕರನು ಲಿಫ್ಟ್ ಹತ್ತಿ ಕಚೇರಿಗೆ ಹೋಗುತ್ತಾನೆ, ಮಧ್ಯಾಹ್ನ ಕೆಳಗಿಳಿದು ಉಣ್ಣುತ್ತಾನೆ, ಕ್ಷೌರ ಮಾಡಿಸಿಕೊಳ್ಳುತ್ತಾನೆ, ಔಷಧಿ ಕೊಳ್ಳುತ್ತಾನೆ, ಬೀದಿಗೆ ಕಾಲಿಡದೆ ಮನೆಗೆ ಮರಳುತ್ತಾನೆ. ಈ ಅಂಗಡಿಗಳಲ್ಲಿ ಹೆಚ್ಚಿನವು ವಾರದ ಕೆಲಸದ ದಿನಗಳಲ್ಲಿ, ಕಚೇರಿಯ ವೇಳೆಯಲ್ಲಿ ಮಾತ್ರ ತೆರೆದಿರುತ್ತವೆ. ಒಟ್ಟು ಗಿರಾಕಿಗಳ ಸಂಖ್ಯೆ ಸುರಂಗದಿಂದ ಹೆಚ್ಚಾಗುವುದಿಲ್ಲ, ಇದ್ದ ಗಿರಾಕಿಗಳೇ ಎರಡು ಮಟ್ಟಗಳಲ್ಲಿ ಹಂಚಿಹೋಗುತ್ತಾರೆ. ಹೀಗೆ ಮೇಲಿನ ಬೀದಿಯು ಹಗಲಿನ ವ್ಯಾಪಾರವನ್ನು ಕೆಳಗಿನ ಅಂಗಡಿಗಳಿಗೆ ಬಿಟ್ಟುಕೊಡುತ್ತದೆ. ಸಂಜೆ ಕೆಳಗಿನದು ಬಾಗಿಲು ಹಾಕಿದಾಗ ಮೇಲಿನದೂ ಬರಿದಾಗಿರುತ್ತದೆ.

ಡಲ್ಲಾಸಿನ ಅನುಭವ ಇನ್ನೂ ಸ್ಪಷ್ಟ. ಮಾಂಟ್ರಿಯಲ್‌ನಲ್ಲಿ 1962ರಲ್ಲಿ ತೆರೆದ ಪ್ಲಾಸ್ ವಿಲ್ ಮಾರಿ ಸಂಕೀರ್ಣದ ನೆಲದಡಿಯ ಯೋಜನೆಯಲ್ಲಿ ಹೆಸರು ಮಾಡಿದ ವಿನ್ಸೆಂಟ್ ಪೊಂಟೆ ಅವರೇ ಡಲ್ಲಾಸಿಗೂ ಸುರಂಗಗಳನ್ನು ಸೂಚಿಸಿದರು. ಅದೇ ಊರಿನ ಮೇಯರ್ ಆಗಿದ್ದ ಲಾರಾ ಮಿಲ್ಲರ್, ಸಾಧ್ಯವಿದ್ದರೆ ಆ ಸುರಂಗಗಳಿಗೆ ಕಾಂಕ್ರೀಟ್ ಸುರಿದು ಮುಚ್ಚಿಬಿಡುತ್ತಿದ್ದೆ ಎಂಬ ಅರ್ಥದ ಮಾತನ್ನು ಬಹಿರಂಗವಾಗಿ ಆಡಿದ್ದರು. ನಗರದ ನಡುಭಾಗದ ಬೀದಿ ವ್ಯಾಪಾರ ಸೊರಗಲು ಸುರಂಗವೊಂದೇ ಕಾರಣವಲ್ಲ, ಉಪನಗರಗಳ ಬೆಳವಣಿಗೆಯೂ ಕಾರೂ ಅಷ್ಟೇ ಕಾರಣ. ಟೊರೊಂಟೊದಲ್ಲಿ 30 ಕಿಲೋಮೀಟರಿಗೂ ಉದ್ದದ ಪಾತ್ ಎಂಬ ಜಾಲ ಸುಮಾರು 1,200 ಅಂಗಡಿಗಳೊಂದಿಗೆ ನಡೆಯುತ್ತಿದೆ. ಆದರೆ ಅಲ್ಲಿ ಮೆಟ್ರೋ ನಿಲ್ದಾಣಗಳಿಂದ ನೇರವಾಗಿ ಬಂದು ಸೇರುವ ಅಪಾರ ಜನಸಂಖ್ಯೆಯಿದೆ, ನಡೆಯುವುದೇ ಕಷ್ಟವಾಗುವ ಹಿಮಗಾಲವೂ ಇದೆ. ಎರಡು ಮಟ್ಟಗಳನ್ನು ತುಂಬುವಷ್ಟು ಕಾಲ್ನಡಿಗೆ ಇಲ್ಲದ ಊರು ಟೊರೊಂಟೊವನ್ನು ಅನುಸರಿಸಲು ಹೊರಟರೆ ಅದಕ್ಕೆ ಸಿಗುವುದು ಹ್ಯೂಸ್ಟನ್ನಿನ ಬೀದಿಗಳೇ.

ನಮ್ಮಲ್ಲಿ ಹಿಮವಿಲ್ಲದಿದ್ದರೂ ಮಳೆಯಿದೆಯಲ್ಲ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಉತ್ತರ ನಮ್ಮ ಅಂಗಡಿಗಳ ಕಟ್ಟೋಣದಲ್ಲೇ ಇದೆ. ಭವಂತಿ ಸ್ಟ್ರೀಟ್, ರಥಬೀದಿ, ಮಾರ್ಕೆಟ್ ರೋಡಿನಂತಹ ಕಡೆಗಳಲ್ಲಿ ಹಳೆಯ ಅಂಗಡಿಗಳ ಮುಂದೆ ಚಾಚಿಕೊಂಡ ಮಾಡು, ಅದರ ಕೆಳಗಿನ ಜಗಲಿ, ಈಗೀಗ ತಗಡಿನ ಶೀಟು ಇವೇ ಪಾದಚಾರಿಗೆ ಆಸರೆ. ಆಟಿ ತಿಂಗಳ ಮಳೆ ಒಮ್ಮೆಲೇ ಸುರಿದಾಗ ಜನ ಹತ್ತಿರದ ಅಂಗಡಿಯ ಮಾಡಿನಡಿಗೆ ಸರಿಯುತ್ತಾರೆ. ಮಳೆ ಬಿಡುವುದನ್ನು ಕಾಯುತ್ತಾ ನಿಂತವರು ಕೊಡೆಯನ್ನೋ ಸೋಪನ್ನೋ ಮಕ್ಕಳ ನೋಟ್‌ಬುಕ್ಕನ್ನೋ ನೆನಪಿಸಿಕೊಂಡು ಕೊಳ್ಳುತ್ತಾರೆ, ಪಕ್ಕದ ಹೋಟೆಲಿಗೆ ನುಗ್ಗಿ ಬಿಸಿ ಗೋಳಿಬಜೆಗೆ ಹೇಳುತ್ತಾರೆ. ಮಲ್ಲಿಗೆಯ ಚೆಂಡು ಮಾರುವವರು, ಬೊಂಡದ (ಎಳನೀರಿನ) ಗಾಡಿಯವರು, ಚರುಮುರಿಯವರು ಬದುಕುವುದೂ ಹೀಗೆ ಬೇರೆ ಕೆಲಸಕ್ಕೆಂದು ಬಂದು ನಡುವೆ ನಿಲ್ಲುವವರಿಂದಲೇ. ಶಂಕರಪುರ ಮಲ್ಲಿಗೆ ಕೊಳ್ಳಲೆಂದೇ ಮನೆಯಿಂದ ಹೊರಡುವವರು ಮದುವೆ, ಪೂಜೆಯ ದಿನಗಳಲ್ಲಿ ಇರಬಹುದು. ಉಳಿದ ದಿನಗಳಲ್ಲಿ ಹೂವು ಕಣ್ಣಿಗೆ ಬಿದ್ದರೆ ಮಾತ್ರ ಮಾರಾಟವಾಗುತ್ತದೆ. ಆ ಕಣ್ಣುಗಳನ್ನು ಉದ್ದಕ್ಕೂ ನೆಲದಡಿಗೆ ಕಳಿಸಿದರೆ ಈ ವ್ಯಾಪಾರಕ್ಕೆ ಬೇರೆ ಆಧಾರವಿಲ್ಲ.

ಅದೇ ಮಳೆ ಸುರಂಗದ ಶತ್ರುವೂ ಹೌದು. ಹ್ಯೂಸ್ಟನ್ನಿನಲ್ಲಿ 2001ರ ಜೂನ್‌ನಲ್ಲಿ ಆಲಿಸನ್ ಚಂಡಮಾರುತದ ನೀರು ಸುರಂಗಗಳಿಗೆ ನುಗ್ಗಿತ್ತು. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುವ ಕರಾವಳಿಯಲ್ಲಿ ನೆಲದಡಿಯ ಯಾವ ದಾರಿಗೂ ಪಂಪು, ಚರಂಡಿ, ವಿದ್ಯುತ್ ಈ ಮೂರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ದಿನವೂ ಕೈಕೊಡಬಾರದು. ದಾಟುವ ದಾರಿಗೆ ನೀರು ನುಗ್ಗಿದರೆ ಜನ ಒಂದು ದಿನ ಮೇಲಿನಿಂದ ದಾಟಿಯಾರು. ಅಂಗಡಿಗಳಿರುವ ಸುರಂಗಕ್ಕೆ ನುಗ್ಗಿದರೆ ವ್ಯಾಪಾರಿಯ ಬಂಡವಾಳವೇ ಹೋಗುತ್ತದೆ.

ಮಂಗಳೂರಿನಲ್ಲಿ ಉದ್ದನೆಯ ಸುರಂಗ ಇಲ್ಲದಿದ್ದರೂ ಅದೇ ಕೆಲಸ ಮಾಡುವ ಇನ್ನೊಂದು ವ್ಯವಸ್ಥೆ ಈಗಾಗಲೇ ಬಂದಿದೆ. ಮಾಲ್‌ನ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸಿ, ಲಿಫ್ಟಿನಲ್ಲಿ ಮೇಲೇರಿ, ಸಿನಿಮಾ ನೋಡಿ, ಉಂಡು, ಹಾಗೆಯೇ ಕೆಳಗಿಳಿದು ಹೊರಡುವ ಕುಟುಂಬ ಕೆ.ಎಸ್. ರಾವ್ ರಸ್ತೆಗೆ ಬಂದಿದ್ದರೂ ಆ ರಸ್ತೆಯ ಅಂಗಡಿಯವರ ಪಾಲಿಗೆ ಬಂದಂತಲ್ಲ. ಮುಂದೆ ಯಾರಾದರೂ ಬಸ್ ನಿಲ್ದಾಣದಿಂದ ಮಾಲ್‌ಗೆ, ಮಾಲ್‌ನಿಂದ ಮಾರುಕಟ್ಟೆಗೆ ನೆಲದಡಿಯಲ್ಲೇ ಜೋಡಿಸೋಣವೆಂದರೆ ಅದನ್ನು ಸೌಕರ್ಯವೆಂದು ಸುಲಭವಾಗಿ ಒಪ್ಪಿಬಿಡುವ ಅಪಾಯವಿದೆ. 2020ರಲ್ಲಿ ಕೋವಿಡ್ ಕಾರಣಕ್ಕೆ ಸೆಂಟ್ರಲ್ ಮಾರ್ಕೆಟ್ಟಿನ ಸಗಟು ವ್ಯಾಪಾರವನ್ನು ಬೈಕಂಪಾಡಿಯ ಎಪಿಎಂಸಿ ಪ್ರಾಂಗಣಕ್ಕೆ ಕಳಿಸಿದ ಕಾಲವನ್ನು ಕಂಡವರಿಗೆ, ಜನರ ಹೆಜ್ಜೆಯ ದಾರಿ ಬದಲಾದರೆ ಒಂದು ಬೀದಿ ಎಷ್ಟು ಬೇಗ ಸಪ್ಪಗಾಗುತ್ತದೆ ಎಂಬುದನ್ನು ಹೇಳಿಕೊಡಬೇಕಾಗಿಲ್ಲ.

ಅಂಡರ್‌ಪಾಸಿನೊಳಗೇ ಮಳಿಗೆಗಳಿದ್ದರೆ ಜನಸಂಚಾರವಿರುತ್ತದೆ, ಸುರಕ್ಷಿತವೂ ಆಗಿರುತ್ತದೆ ಎಂಬ ವಾದಕ್ಕೆ ಬೆಲೆಯಿದೆ. ದೆಹಲಿಯ ಕನ್ನಾಟ್ ಪ್ಲೇಸಿನ ಪಾಲಿಕಾ ಬಜಾರ್ ದಶಕಗಳಿಂದ ನೆಲದಡಿಯಲ್ಲೇ ವ್ಯಾಪಾರ ನಡೆಸುತ್ತಾ ಬಂದಿದೆ. ಆದರೆ ಅದು ತಾನೇ ಒಂದು ಮಾರುಕಟ್ಟೆ, ಜನ ಅದನ್ನು ಹುಡುಕಿಕೊಂಡು ಹೋಗುತ್ತಾರೆ. ರಸ್ತೆಯ ಅಗಲದಷ್ಟಿರುವ ದಾಟುದಾರಿಯಲ್ಲಿ ಮಳಿಗೆಗಳನ್ನು ತುಂಬಿದರೆ ನಡೆಯುವ ಜಾಗ ಕಿರಿದಾಗುತ್ತದೆ, ಮೇಲಿನ ಗಿರಾಕಿಯಲ್ಲೇ ಒಂದು ಪಾಲು ಕೆಳಗೆ ಜಾರುತ್ತದೆ. ವ್ಯಾಪಾರಕ್ಕೆ ಸರಿಯಾದ ಸ್ಥಳ ಮೆಟ್ಟಿಲುಗಳ ಎರಡೂ ಬಾಯಿಗಳ ಬಳಿಯಿದೆ. ಬೀದಿ ವ್ಯಾಪಾರಿಗಳ 2014ರ ಕಾಯ್ದೆಯು ಪಟ್ಟಣ ವ್ಯಾಪಾರ ಸಮಿತಿಯ ಮೂಲಕ ಮಾರಾಟ ವಲಯಗಳನ್ನು ಗುರುತಿಸಲು ಅವಕಾಶ ಕೊಟ್ಟಿದೆ. ದಾರಿಗೆ ಅಡ್ಡವಾಗದಂತೆ ಅಲ್ಲಿ ಹೂವು, ಹಣ್ಣು, ಪತ್ರಿಕೆ ಮಾರುವವರಿಗೆ ಜಾಗ ಗುರುತಿಸಿದರೆ ಬೆಳಕೂ ಜನರ ಕಣ್ಗಾವಲೂ ತಾನಾಗಿ ಬರುತ್ತದೆ, ಸಂಜೆಯ ಹೊತ್ತು ಒಬ್ಬರೇ ಇಳಿಯಲು ಹಿಂಜರಿಯುವ ಹೆಂಗಸರಿಗೆ ಧೈರ್ಯವೂ ಬರುತ್ತದೆ.

ಇನ್ನೊಂದು ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಖಡಾಖಂಡಿತ. ಅಂಡರ್‌ಪಾಸ್ ಇದೆಯೆಂಬ ಕಾರಣ ಮುಂದೊಡ್ಡಿ ಮೇಲೆ ಉದ್ದಕ್ಕೂ ಬೇಲಿ ಹಾಕಿ ಎಲ್ಲರನ್ನೂ ಕೆಳಗಿಳಿಸಬಾರದು. ತುಂಬು ಬಸುರಿಯರು, ಮಂಡಿನೋವಿನ ಹಿರಿಯರು, ಮೀನಿನ ಬುಟ್ಟಿ ಹೊತ್ತವರು ಮೆಟ್ಟಿಲಿಳಿದು ಮತ್ತೆ ಮೆಟ್ಟಿಲೇರುವುದು ಸಣ್ಣ ಶ್ರಮವಲ್ಲ. ಸಿಗ್ನಲ್ಲಿನಲ್ಲಿ ವಾಹನ ನಿಲ್ಲಿಸಿ ಸಮತಟ್ಟಿನಲ್ಲೇ ದಾಟಿಸುವ ಜೀಬ್ರಾ ಪಟ್ಟೆ ಅವರ ಹಕ್ಕು, ಅಂಗಡಿ ಬೀದಿಗೂ ಅದೇ ಲಾಭದ ದಾರಿ, ಏಕೆಂದರೆ ಆಚೆ ಬದಿಯ ಅಂಗಡಿಯ ಬೋರ್ಡು ಕಾಣುತ್ತಿರುವವರೆಗೆ ಮಾತ್ರ ಅಲ್ಲಿಗೆ ಹೋಗುವ ಮನಸ್ಸಾಗುತ್ತದೆ.

ಪುರಭವನದ ಕಡೆಯಿಂದ ಆಚೆಗೆ ಹೋಗಬೇಕಾದ, ಕಾಲಿನ ತೊಂದರೆಯಿಲ್ಲದ ಯಾರಿಗಾದರೂ ಜನದಟ್ಟಣೆಯ ಹೊತ್ತಿನಲ್ಲಿ ಈ ಅಂಡರ್‌ಪಾಸನ್ನು ಬಳಸಿ ಎಂದೇ ಹೇಳುತ್ತೇನೆ. ಐದರಲ್ಲಿ ನಾಲ್ಕು ಅಂಕ ಕೊಡಲು ಅದರ ಗಿಡ್ಡತನವೇ ಮುಖ್ಯ ಕಾರಣ. ಮುಂದೆ ಇದನ್ನು ಯಾವುದಾದರೂ ಕಟ್ಟಡದ ಒಳಬಾಗಿಲಿಗೆ ಜೋಡಿಸುವ ಪ್ರಸ್ತಾವ ಬಂದರೆ ಹಂಪನಕಟ್ಟೆ, ಮಾರ್ಕೆಟ್ ರೋಡುಗಳ ವರ್ತಕರೂ ಗೂಡಂಗಡಿಯವರೂ ನಕ್ಷೆ ಅಂತಿಮವಾಗುವ ಮೊದಲೇ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು.